ಪೆರಿಯಣ್ಣನ ಮನೆ ಬಿತ್ತಂತೆ

ಉತ್ತಮಪಾಳಯದ ಬಾಳೆಕಾಯಿ ವ್ಯಾಪಾರಿ ಪೆರಿಯಣ್ಣನ್ ಅವರ ಮನೆ ಬಿದ್ದದ್ದು ಒಂದು ಭಾನುವಾರ. ಬಿತ್ತೆಂಬ ಸುದ್ದಿ ಮಾತ್ರ ಶನಿವಾರವೇ ಆಂಡಿಪಟ್ಟಿ ಮುಟ್ಟಿತ್ತು. ಸುದ್ದಿ ಮುಂದೆ ಹೋಗಿ, ಮನೆ ಅದರ ಹಿಂದೆ ಏದುಸಿರು ಬಿಡುತ್ತಾ ಬಂದು ಬಿದ್ದ ಉದಾಹರಣೆ ಕಂಬಂ ಕಣಿವೆಯಲ್ಲಿ ಇದಕ್ಕೆ ಮುಂಚೆ ಇರಲಿಲ್ಲ. ಇನ್ನು ಮುಂದೆಯೂ ಬೇಡ.

ಎಲ್ಲದಕ್ಕೂ ಮೂಲ ಒಂದು ತಲೆ. ಅದು ಒಡ್ಡನ್‌ಛತ್ರದ ತರಕಾರಿ ಮಂಡಿಯ ಜೆಯಕುಮಾರ್ ಅವರ ತಲೆ. ನೆಲದಿಂದ ಬಹಳ ಎತ್ತರದಲ್ಲಿದ್ದ ಆ ತಲೆಯನ್ನು ಹೊತ್ತುಕೊಂಡು ಅವರು ತಮ್ಮ ಮಗ ಮನೋಜ್‌ಕುಮಾರನಿಗೆ ಹೆಣ್ಣು ಕೇಳಲು ಪೆರಿಯಣ್ಣನ ಮನೆಗೆ ಬಂದರು. ಹೆಣ್ಣು ತಮಿಳರಸಿ, ಪೆರಿಯಣ್ಣನ ಒಬ್ಬಳೇ ಮಗಳು, ದಿಂಡುಕ್ಕಲ್ಲಿನಲ್ಲಿ ಕೆಲಸದಲ್ಲಿದ್ದವಳು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಜಾತಕ ಒಪ್ಪಿತ್ತು. ಬಾಗಿಲು ಒಪ್ಪಲಿಲ್ಲ.

ಆ ಬಾಗಿಲು ಪೆರಿಯಣ್ಣನ ತಾತನ ಕಾಲದ್ದು. ಹಲಸಿನ ಮರದ ದಪ್ಪ ಕದ, ಅದಕ್ಕಿಂತ ದಪ್ಪ ಚೌಕಟ್ಟು, ಎತ್ತರ ಮಾತ್ರ ಕುಳ್ಳು. ಕನ್ನಡ ನಾಡಿನಿಂದ ಹಿರಿಯರು ಗಾಡಿ ಕಟ್ಟಿಕೊಂಡು ಬಂದಾಗ ಈ ಕದವೂ ಗಾಡಿಯಲ್ಲಿ ಬಂತು ಎಂದು ತಾತ ಹೇಳುತ್ತಿದ್ದ. ಯಾರೂ ನಂಬಲಿಲ್ಲ, ಯಾರೂ ಎದುರು ಹೇಳಲೂ ಇಲ್ಲ. ಒಳಗೆ ಬರುವವರೆಲ್ಲ ತಲೆ ತಗ್ಗಿಸಬೇಕೆಂದೇ ಅದನ್ನು ಕುಳ್ಳಾಗಿ ಇಟ್ಟದ್ದಂತೆ. ಜೆಯಕುಮಾರರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರು ನಗುತ್ತಾ ಮೆಟ್ಟಿಲು ಹತ್ತಿದರು. ‘ಡಣ್’ ಎಂದಿತು. ದೇವರ ಮನೆಯ ಗಂಟೆ ಎಂದುಕೊಂಡು ಪಕ್ಕದ ಮನೆಯ ಗೋಮತಿ ಕೈ ಮುಗಿದಳು.

ಜೆಯಕುಮಾರರು ಕೂತರು. ಕಾಫಿ ಕುಡಿದರು. ಒಂದು ಮಾತೂ ಆಡಲಿಲ್ಲ. ಎದ್ದರು, ಈ ಸಲ ಬಹಳ ಬಗ್ಗಿ ಹೊರಗೆ ಹೋದರು. ಆಮೇಲೆ ಅವರಿಂದ ಫೋನಿಲ್ಲ, ಸುದ್ದಿಯಿಲ್ಲ.

ಮೌನಕ್ಕೆ ಅರ್ಥ ಹಚ್ಚುವುದರಲ್ಲಿ ಪೆರಿಯಣ್ಣನಷ್ಟು ಪರಿಶ್ರಮಿ ಇನ್ನೊಬ್ಬನಿಲ್ಲ. ಆ ಪರಿಶ್ರಮ ಒಮ್ಮೆಯೂ ಫಲಿಸಿಲ್ಲ ಎಂಬುದು ಬೇರೆ ಮಾತು. ಆತ ಯೋಚಿಸಿ ಯೋಚಿಸಿ, ಸಂಬಂಧ ಕೆಟ್ಟದ್ದು ಬಾಗಿಲಿನಿಂದ ಎಂದು ತೀರ್ಮಾನಿಸಿದ. ಕೂಡಲೇ ಗಾರೆ ಮೇಸ್ತ್ರಿ ಮಣಿಯನ್ನು ಕರೆಸಿದ. ಮನೆಯ ಮುಂಭಾಗ ಒಡೆದು, ಆನೆ ನಡೆದುಬರುವಷ್ಟು ಎತ್ತರದ ಕಮಾನು ಕಟ್ಟುವುದು, ಎರಡು ಕಡೆ ಕಂಬ, ಕಂಬದ ಮೇಲೆ ಒಂದೊಂದು ಸಿಮೆಂಟಿನ ಸಿಂಹ ಎಂದು ಮಾತಾಯಿತು. ಸಿಂಹಗಳು ಮೊದಲೇ ಬಂದು ಅಂಗಳದಲ್ಲಿ ಕೂತವು. ಕದ ಮತ್ತು ಚೌಕಟ್ಟು ಹಳೇ ಮರದ ಅಂಗಡಿಗೆ ಹೋದವು.

ಕದ ಗಾಡಿ ಹತ್ತಿದ ಗಳಿಗೆಯಿಂದ ಹೆಂಡತಿ ರಂಗಮ್ಮಾಳ್ ಗಂಡನೊಡನೆ ಮಾತು ಬಿಟ್ಟಳು. ಅಮಾವಾಸ್ಯೆಗೂ ಹುಣ್ಣಿಮೆಗೂ ಅರಿಶಿನ ಹಚ್ಚಿ ಬೆಳೆಸಿದ ಹೊಸ್ತಿಲು ಅದು. ಪೆರಿಯಣ್ಣನ್ ಈ ಮೌನಕ್ಕೂ ಅರ್ಥ ಹಚ್ಚಿದ: ‘ದೂಳಿಗೆ ಗಂಟಲು ಕಟ್ಟಿದೆ.’

ದೂಳಿನ ಮಾತು ಕೇಳಿ ತಮಿಳರಸಿ ದಿಂಡುಕ್ಕಲ್ಲಿನಿಂದ ಫೋನ್ ಮಾಡಿದಳು. “ಅಪ್ಪಾ, ಎರಡು ದಿನ ಎಲ್ಲಾದ್ರೂ ಓಗಿ ಇರಿ. ಕಂಬಂ ಪಕ್ಕ ಬೆಟ್ಟದ ಅಡೀಲಿ ಒಂದು ಮನೆ ಅದೆ. ಆರ್ಟಿಸ್ಟ್ ಕಟ್ಟಿರೋದು. ಊರೂರಿಂದ ಬಂದು ತಂಗ್ತಾರೆ. ನಾನು ಬುಕ್ ಮಾಡಿವ್ನಿ, ಅವ್ವನ್ನ ಕರ್ಕೊಂಡೋಗು.”

ಆರ್ಟಿಸ್ಟ್ ಎಂದರೆ ಪೆರಿಯಣ್ಣನ ಮನಸ್ಸಿನಲ್ಲಿ ಸಿನಿಮಾದವರು. ಸಿನಿಮಾದವರ ಮನೆ ಎಂದರೆ ಅಮೃತಶಿಲೆ, ಗಾಜಿನ ಗೊಂಚಲು, ಈಜುಕೊಳ. ಅಲ್ಲಿ ನಿಂತು ಒಂದು ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೂ ಜೆಯಕುಮಾರರಿಗೂ ಕಳಿಸಿದರೆ, ಬಾಗಿಲು ಮಾಡಿದ ಅವಮಾನ ತೊಳೆದುಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಮೊದಲೇ ಹೇಳಿದರೆ ಜನರ ಹೊಟ್ಟೆಕಿಚ್ಚು ಕಂತುಕಂತಾಗಿ ಬಂದು ಸಪ್ಪೆಯಾಗುತ್ತದೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಮಣಿಯೂ ಯಾವುದೋ ಮದುವೆಗೆ ಹೋದ. ಮುಂಗೋಡೆ ಇಲ್ಲದ ಮನೆ, ಎದುರಿಗೆ ಇಟ್ಟಿಗೆ ಗುಡ್ಡೆ, ಗುಡ್ಡೆಯ ಪಕ್ಕ ಎರಡು ಸಿಂಹ. ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಟೌನ್ ಬಸ್ಸು ಹತ್ತಿದರು.

ದ್ರಾಕ್ಷಿ ತೋಟಗಳನ್ನು ದಾಟಿ, ಆಟೋ ಇಳಿದು ನೋಡಿದಾಗ ಪೆರಿಯಣ್ಣನ ಬಾಯಿ ತೆರೆದುಕೊಂಡಿತು. ಅದನ್ನು ಮುಚ್ಚಲು ಸಾಕಷ್ಟು ಹೊತ್ತು ಹಿಡಿಯಿತು.

ಎದುರಿಗಿದ್ದದ್ದು ಒಂದು ಚಿಕ್ಕ ಮನೆ. ಅದರ ಒಂದು ಗೋಡೆ ಖಾಲಿ ಸೀಸೆಗಳದ್ದು. ಅಡುಗೆಮನೆಯ ಕಿಟಕಿ ಯಾವುದೋ ಸತ್ತ ಬಸ್ಸಿನ ಕಿಟಕಿ. ಅದರ ಮೇಲೆ ‘ಕೈ ನೀಟ್ಟಾದೀರ್’, ಕೈ ಹೊರಗೆ ಚಾಚಬೇಡಿ, ಎಂಬ ತಮಿಳು ಬರಹ ಇನ್ನೂ ಇತ್ತು. ಮೆಟ್ಟಿಲಿಗೆ ಹತ್ತಿ ಗಿರಣಿಯ ಹಲಗೆ, ಸೂರಿಗೆ ಹತ್ತು ಊರಿನ ಹಂಚು, ನಡುನಡುವೆ ಬೆಳಕಿಗೆಂದು ಗಾಜಿನ ತುಂಡು. ಇನ್ನೊಂದು ಗೋಡೆಯ ತುಂಬ ಕೀಲಿ ಕಳೆದುಹೋದ ಹಳೆಯ ದಿಂಡುಕ್ಕಲ್ ಬೀಗಗಳು. ಮುಂದೆ ಬಾಗಿಲೇ ಇರಲಿಲ್ಲ. ಬಾಗಿಲಿರಬೇಕಾದ ಕಡೆ ಸೈಕಲ್ ಚೈನುಗಳು ಜೋತಾಡುತ್ತಿದ್ದವು.

ಅವುಗಳನ್ನು ಸರಿಸಿಕೊಂಡು ಹೊರಬಂದ ಹೆಂಗಸು ಮನೆಯನ್ನು ಕಟ್ಟಿದ ಕಲಾವಿದೆ ಜೀವಾ. ಕೂದಲನ್ನು ಪೆನ್ಸಿಲ್ ಚುಚ್ಚಿ ಕಟ್ಟಿದ್ದಳು. ಅವಳಿಗೆ ಕನ್ನಡ ಬಾರದು. ಇವರ ಮನೆಮಾತು ಯಾವ ಭಾಷೆ ಎಂದು ತಿಳಿಯುವ ಗೋಜಿಗೂ ಹೋಗಲಿಲ್ಲ. ತಮಿಳಿನಲ್ಲಿಯೇ ಬಹಳ ಸಂತೋಷದಿಂದ ಮನೆಯ ನಿಯಮ ಹೇಳಿದಳು. ಇಲ್ಲಿ ಒಂದೂ ಹೊಸ ವಸ್ತುವಿಲ್ಲ. ಎಲ್ಲವೂ ಯಾರೋ ಬೇಡವೆಂದು ಬಿಟ್ಟದ್ದು. ಬರುವ ಅತಿಥಿಗಳು ತಮ್ಮ ಮನೆಯ ಒಂದು ಹಳೆಯ ವಸ್ತು ತಂದುಕೊಟ್ಟರೆ ಸಂತೋಷ. ಇರುವಷ್ಟು ಹೊತ್ತು ಫೋನು ಈ ಮಡಕೆಯಲ್ಲಿ.

“ಮುಂಬಾಗಿಲು ಯಾಕಮ್ಮ ಇಲ್ಲ?” ಪೆರಿಯಣ್ಣನ್ ಕೇಳಿದ.

“ಸರಿಯಾದ ಬಾಗಿಲು ಇನ್ನೂ ಸಿಕ್ಕಿಲ್ಲ. ಅದು ತಾನಾಗಿ ಬರಬೇಕು, ಅಯ್ಯಾ.”

ಪೆರಿಯಣ್ಣನ್ ನಿಟ್ಟುಸಿರು ಬಿಟ್ಟ. ಆದರೂ ಮಾಡಿದ ಸಂಕಲ್ಪ ಬಿಡುವವನಲ್ಲ. ಆಟೋದಲ್ಲಿ ಬರುವಾಗ ಬಿಳಿ ಪಂಚೆಗೆ ಬಾಳೆಯ ಕಲೆ ಹತ್ತಿದ್ದರಿಂದ ಅದನ್ನು ಬಿಚ್ಚಿ ಹಳೆಯ ಲುಂಗಿ ಉಟ್ಟ, ಹೆಗಲಿಗೆ ಟವೆಲ್ ಹಾಕಿದ. ರಂಗಮ್ಮಾಳ್ ಗಂಡನಿಗೆ ಅರ್ಧ ಬೆನ್ನು ಮಾಡಿ, ಗಂಟಿನ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈ ಕೊಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಹೊರಗಿನ ಪಾತ್ರೆಯಲ್ಲಿ ಅವಳು ಬೇಯಿಸುವುದಿಲ್ಲವಾದ್ದರಿಂದ ಗಂಟಿನಿಂದ ಒಂದು ಸೌಟು, ಒಂದು ಸ್ಟೌವಿನ ಕಾಲು ಹೊರಗೆ ಇಣುಕುತ್ತಿದ್ದವು. ಫೋಟೋಗೆ ಗಂಭೀರವಾಗಿ ನಿಲ್ಲಬೇಕೆಂಬುದು ಪೆರಿಯಣ್ಣನ ಮತ. ಅವನ ಗಾಂಭೀರ್ಯಕ್ಕೂ ಸಾವಿನ ಮನೆಯ ಮುಖಕ್ಕೂ ವ್ಯತ್ಯಾಸ ಕಂಡುಹಿಡಿದವರು ಇದುವರೆಗೆ ಯಾರೂ ಇಲ್ಲ. ಜೀವಾ ಫೋಟೋ ತೆಗೆದಳು. ಪೆರಿಯಣ್ಣನ್ ಅದರ ಕೆಳಗೆ ‘ಈಗ ನಾವು ಇಲ್ಲಿ’ ಎಂದಷ್ಟೇ ಬರೆದು, ಗುಂಪಿಗೂ ಜೆಯಕುಮಾರರಿಗೂ ಕಳಿಸಿ, ಫೋನನ್ನು ಮಡಕೆಗೆ ಹಾಕಿದ. ಬಾವಿಗೆ ಕಲ್ಲು ಹಾಕಿದ ಹಾಗೆ ಒಂದು ಸದ್ದಾಯಿತು.

ಇಲ್ಲಿ ಆ ಬಳಗದ ಒಂದು ಪದ್ಧತಿಯನ್ನು ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಯಾರದಾದರೂ ಮನೆ ಬಿದ್ದರೆ, ಸುಟ್ಟರೆ, ಬಳಗದವರು ತಮ್ಮ ಮನೆಯಿಂದ ಒಂದು ಮರ ತಂದು ಕಳೆದುಕೊಂಡವನ ಮುಂದೆ ಇಡುತ್ತಾರೆ. ಕದವೋ ತೊಲೆಯೋ ಕಿಟಕಿಯೋ, ಮರವಿಲ್ಲದವರು ತಗಡೋ. ಇದಕ್ಕೆ ‘ಮರ ಇಕ್ಕುವುದು’ ಎಂದು ಹೆಸರು. ಕಳೆದುಕೊಂಡವನು ಕೇಳಬಾರದು, ಕೇಳುವ ಹಾಗಾದರೆ ಬಳಗ ಯಾಕೆ? ಕೊಟ್ಟದ್ದನ್ನು ಬೇಡ ಅನ್ನಬಾರದು. ಬೇಡ ಎಂದರೆ ನೆಂಟಸ್ತನ ಕಡಿದ ಹಾಗೆ. ಕೊಟ್ಟ ಮರ ಹೊಸ ಮನೆಯಲ್ಲಿ ಎಲ್ಲಾದರೂ ನಿಲ್ಲಲೇಬೇಕು. ಎಲ್ಲಕ್ಕಿಂತ ಮುಖ್ಯ, ಮನೆ ಬಿದ್ದ ಮಾತನ್ನು ಯಾರೂ ಎತ್ತಬಾರದು. ಬಿದ್ದ ಮನೆಯ ಹೆಸರು ಹೇಳಿದರೆ ನಿಂತ ಮನೆಗೂ ಕೇಳಿಸುತ್ತದಂತೆ. ಬರಬೇಕು, ಮರ ಇಡಬೇಕು, ಗಾಳಿಯ ಬಗ್ಗೆಯೋ ದನದ ಬಗ್ಗೆಯೋ ಮಾತಾಡಬೇಕು, ಹೋಗಬೇಕು.

ಕಂಬಂನಲ್ಲಿದ್ದ ಪೆರಿಯಣ್ಣನ ಸೋದರತ್ತೆ ಅಳಗಮ್ಮಾಳ್ ಫೋಟೋ ನೋಡಿದ್ದೇ ಎದೆ ಹಿಡಿದುಕೊಂಡಳು. ಅದು ಬೆಟ್ಟದಡಿಯ ‘ಹುಚ್ಚು ಹುಡುಗಿಯ ಗುಡಿಸಲು’ ಎಂದು ಅವಳಿಗೆ ಗೊತ್ತು. ಪೆರಿಯಣ್ಣನಿಗೆ ಫೋನ್ ಮಾಡಿಸಿದಳು. ಮಡಕೆಯೊಳಗಿಂದ ಉತ್ತರ ಬರಲಿಲ್ಲ. ಮೊದಲ ಬಸ್ಸಿಗೆ ಉತ್ತಮಪಾಳಯಕ್ಕೆ ಹೋದಳು. ಅಲ್ಲಿ ಮನೆಗೆ ಮುಖವಿಲ್ಲ, ಬೀದಿಗೆ ಇಟ್ಟಿಗೆ ಚೆಲ್ಲಿದೆ, ಬಾಗಿಲಿಲ್ಲ, ಮನುಷ್ಯರಿಲ್ಲ. ಎರಡು ಸಿಂಹಗಳು ಮಾತ್ರ ಅವಳ ಮುಖ ನೋಡಿದವು. ಹಿಂಭಾಗ ನಿಂತಿದೆಯೇ ಎಂದೂ ನೋಡದೆ ಅವಳು ಅಲ್ಲೇ ಕುಸಿದು ಕೂತಳು.

ಸಂಜೆಯೊಳಗೆ ಕಣಿವೆಯ ಎರಡು ಕಡೆಯ ಊರುಗಳಲ್ಲಿ ಸುದ್ದಿ ಬೆಳೆಯಿತು. ಕಂಬಂನಲ್ಲಿ ಮುಂಗೋಡೆ ಬಿದ್ದಿತ್ತು. ಚಿನ್ನಮನೂರಿನಲ್ಲಿ ಸೂರು ಬಿತ್ತು. ತೇನಿಯಲ್ಲಿ ಪಾಯ ಬಿತ್ತು. ಆಂಡಿಪಟ್ಟಿ ಮುಟ್ಟುವಾಗ ಪೆರಿಯಣ್ಣನನ್ನು ಇಟ್ಟಿಗೆಯ ಅಡಿಯಿಂದ ಎಳೆದು ತೆಗೆದಿದ್ದರು.

ಭಾನುವಾರ ಬೆಳಿಗ್ಗೆ ಪೆರಿಯಣ್ಣನ್ ಮಣ್ಣಿನ ತಟ್ಟೆಯಲ್ಲಿ ಇಡ್ಲಿ ತಿಂದು ಕೈ ತೊಳೆಯುತ್ತಿರುವಾಗ ಅಳಗಮ್ಮಾಳ್ ಸೈಕಲ್ ಚೈನು ಸರಿಸಿಕೊಂಡು ಒಳಗೆ ಬಂದಳು. ಹಿಂದೆ ಆಟೋದವನು ಒಂದು ಕಿಟಕಿ ಹೊತ್ತುಕೊಂಡು ಬಂದ. ಕಿಟಕಿಯನ್ನು ಬೀಗದ ಗೋಡೆಗೆ ಒರಗಿಸಿ, ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪೆರಿಯಣ್ಣನ ಎದೆ ಉಬ್ಬಿತು. ಫೋಟೋ ಕೆಲಸ ಮಾಡಿದೆ! ನೋಡಲು ಬಂದಿದ್ದಾರೆ, ಕಲಾವಿದೆಗೆ ಹಳೆಯ ವಸ್ತುವನ್ನೂ ತಂದಿದ್ದಾರೆ. ನಿಯಮ ಇವರಿಗೆ ಹೇಗೆ ತಿಳಿಯಿತು ಎಂದು ಅವನು ಯೋಚಿಸಲಿಲ್ಲ. ಯೋಚನೆಯನ್ನು ಅವನು ಮೌನಕ್ಕೆ ಮಾತ್ರ ಮೀಸಲಿಟ್ಟಿದ್ದ.

“ಬಾ ಅತ್ತೆ, ಬಾ! ನೀನೇ ಮೊದ್ಲು ಬತ್ತೀಯಾ ಅಂತ ಗೊತ್ತಿತ್ತು.”

“ಬರ್ದೆ ಇರ್ತೀನಾ ಮಗಾ?” ಅತ್ತೆ ಕಿಟಕಿಯ ದೂಳು ಒರೆಸಿದಳು. ಪದ್ಧತಿ ನೆನಪಾಗಿ ಮಾತು ತಿರುಗಿಸಿದಳು. “ಗಾಳಿ ಸಂದಾಗಿ ಬತ್ತದೆ ಇಲ್ಲಿ. ಎಲ್ಲಾ ಪಕ್ಕದಿಂದ್ಲೂ ಬತ್ತದೆ.”

“ಅದೇ ಇಲ್ಲಿ ವಿಸೇಸ, ಅತ್ತೆ. ಗಾಳಿಗೇ ಅಂತ ಬಿಟ್ಟಿರೋದು.”

“ಆಗ್ಲಿ ಮಗಾ, ಆಗ್ಲಿ. ಮಲಿಕ್ಕಳೋದು?”

“ಮೇಲ್ಗಡೆ, ಬಸ್ ಸೀಟ್ ಮ್ಯಾಲೆ. ನಿದ್ದೆ ಅಂದ್ರೆ ಅದು! ಕಣ್ಣು ಬಿಟ್ರೆ ಸೂರಲ್ಲಿ ನಕ್ಸತ್ರ ಕಾಣ್ತವೆ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಎಷ್ಟು ದಿನ ಮಗಾ ಇಲ್ಲಿ?”

“ಎರಡೇ ದಿನ ಬಿಡ್ತಾರೆ. ಆಮೇಲೆ ಬೇರೇವ್ರು ಬತ್ತಾರೆ. ಇದ್ಕೇ ಕ್ಯೂ ಅದೆ, ಅತ್ತೆ!”

“ಇದ್ಕೂ ಕ್ಯೂನಾ ಕಡವುಳೇ!” ದೇವರನ್ನು ಕೂಗಿದ ಅತ್ತೆ ತಡೆಯಲಾರದೆ ರಂಗಮ್ಮಾಳ ಹತ್ತಿರ ಓಡಿದಳು. ರಂಗಮ್ಮಾಳ್ ಕಿಟಕಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಸರಿದು ಕೂರಲು ಜಾಗ ಬಿಟ್ಟಳು. ಅವಳಿಗೆ ಆಗಲೇ ಅರ್ಥವಾಗಿತ್ತು ಎಂದು ಈಗ ಕೆಲವರು ಹೇಳುತ್ತಾರೆ. ಆದರೆ ಗಂಡನೊಡನೆ ಮಾತು ಬಿಟ್ಟ ಹೆಂಗಸು ತಿಳಿದದ್ದನ್ನು ಗಂಡನಿಗೆ ಹೇಳುವುದು ಹೇಗೆ?

ಬಿಸಿಲೇರುವ ಹೊತ್ತಿಗೆ ಬಳಗ ಹರಿದುಬಂತು. ಒಬ್ಬರು ಅಡ್ಡತೊಲೆ ಇಟ್ಟು “ದ್ರಾಕ್ಷಿ ಈ ಸಲ ಹೆಂಗೆ?” ಎಂದರು. ಇನ್ನೊಬ್ಬರು ಕದ ಇಟ್ಟು ಬೆಟ್ಟ ನೋಡಿ “ಬೆಟ್ಟ ಎತ್ತರ ಆಗಿ ಅದೆ” ಎಂದರು. ಮತ್ತೊಬ್ಬರು ದೇವರಮನೆಯ ಜೋಡಿ ಬಾಗಿಲು ಇಟ್ಟು, ಆಡಲು ಏನೂ ತೋಚದೆ ತಮ್ಮ ಎಮ್ಮೆ ಕರು ಹಾಕಿದ ವಿಷಯ ಹೇಳಿ ಬಿಕ್ಕಿದರು. ಅಷ್ಟು ದುಃಖದ ಕರು ಯಾವುದಿರಬಹುದು ಎಂದು ಪೆರಿಯಣ್ಣನ್ ಬೆರಗಾದ.

ಜೀವಾಳ ಕಣ್ಣಲ್ಲಿ ನೀರು. ತನ್ನ ಕಲೆಯನ್ನು ನಗರದ ವಿಮರ್ಶಕರು ಅರ್ಥಮಾಡಿಕೊಂಡಿರಲಿಲ್ಲ. ಈ ರೈತರು ಮನೆಯ ಕದ ಕಿತ್ತು ತಂದುಕೊಡುತ್ತಿದ್ದಾರೆ! ಅವಳು ಒಬ್ಬೊಬ್ಬರ ಕೈಯನ್ನೂ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಮನೆ ಕಳೆದುಕೊಂಡವರಿಗಿಂತ ಗುಡಿಸಲಿನ ಒಡತಿ ಹೆಚ್ಚು ಅಳುವುದನ್ನು ಕಂಡು ಬಳಗ, “ಪಾಪ, ಒಳ್ಳೆ ಹೆಂಗ್ಸು” ಎಂದಿತು.

ಆಮೇಲೆ ಆಂಡಿಪಟ್ಟಿಯ ಲೋಗೇಶ್ ಬಂದ. ಪೆರಿಯಣ್ಣನ ಚಿಕ್ಕಪ್ಪನ ಮಗ. ಮಿನಿಲಾರಿಯ ತುಂಬ ತಗಡು ತಂದಿದ್ದ. ಲೋಗೇಶನಿಗೆ ಗಾಳಿಯ ಬಗ್ಗೆ ಮಾತಾಡಿ ಸುಮ್ಮನೆ ಕೂರುವ ಸ್ವಭಾವವಿಲ್ಲ. ಅವನು ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದ.

“ಏನಣ್ಣಾ ಇದು! ಗೋಡೇಲಿ ಸೀಸೆ, ಸೂರಲ್ಲಿ ತೂತು. ಬೀಗ ಅಷ್ಟೊಂದು ಅವೆ, ಬೀಗ ಹಾಕೋಕೆ ಒಂದು ಬಾಗ್ಲಿಲ್ಲ. ನೀನು ನಮ್ಮನ್ನ ಮನುಸ್ರು ಅಂದ್ಕಂಡಿಲ್ವಾ?”

“ಅದು ಕಲೆ, ಲೋಗೇಸಾ.”

“ಕಲೆ ಆದ್ರೆ ತೊಳೀಬೋದು. ಇದು ತೂತು.” ಲೋಗೇಶ್ ಸುತ್ತಿಗೆ ಬಾಯಿಗೆ ಕಚ್ಚಿಕೊಂಡು ಸೂರು ಹತ್ತಿದ.

ಒಳಗೆ ಎಲ್ಲರಿಗೂ ಬೆಲ್ಲದ ಕಾಫಿ ಮಾಡುತ್ತಿದ್ದ ಜೀವಾಳಿಗೆ ಇದ್ದಕ್ಕಿದ್ದ ಹಾಗೆ ಕತ್ತಲಾಯಿತು. ಅವಳು ಮೂರು ವರ್ಷ ಕೂತು ಜೋಡಿಸಿದ ಬೆಳಕಿನ ಗಾಜುಗಳ ಮೇಲೆ ಯಾರೋ ತಗಡು ಬಡಿಯುತ್ತಿದ್ದರು. ಹೊರಗೆ ಓಡಿಬಂದಳು. ಇಬ್ಬರು ಸೀಸೆ ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಒಬ್ಬ ಬಸ್ಸಿನ ಕಿಟಕಿ ಕಿತ್ತು ಅಳಗಮ್ಮಾಳ ಕಿಟಕಿ ಕೂರಿಸುತ್ತಿದ್ದ. ಜೀವಾ ಕಿರುಚಿದಳು. ಸಂತೋಷಕ್ಕೆ ಕಿರುಚುತ್ತಿದ್ದಾಳೆಂದು ತಿಳಿದು ಅವರು ಕೆಲಸ ಚುರುಕು ಮಾಡಿದರು.

ಕಿರುಚಾಟ ಕೇಳಿ ಬಂದವನು ಆ ಊರಿನ ಗ್ರಾಮ ಸಹಾಯಕ ಕಾಳಿಮುತ್ತು. ಗುಂಪು, ಅಳು, ಮುರಿದ ಕಿಟಕಿ, ತಗಡು, ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದು ಕಿವಿಯ ಮೇಲಿಂದ ಪೆನ್ನು ತೆಗೆದ.

“ಯಾನೆಯಾ, ಕಾತ್ತಾ?”

ಆನೆಯೋ ಗಾಳಿಯೋ ಎಂದು ಅವನು ಕೇಳಿದ್ದು. ಬೆಟ್ಟದಡಿಯಲ್ಲಿ ಮನೆ ಬೀಳಲು ಮೂರನೆಯ ಕಾರಣವನ್ನು ಅವನು ತನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

“ಕಲೈ, ಸಾರ್! ಇದು ಕಲೈ!” ಜೀವಾ ಕೂಗಿದಳು.

ಕಾಳಿಮುತ್ತು ಬಹಳ ಹೊತ್ತು ಯೋಚಿಸಿ ಪೆನ್ನನ್ನು ಮತ್ತೆ ಕಿವಿಗೆ ಸಿಕ್ಕಿಸಿದ. “ಕಲೆಗೆ ಪರಿಹಾರ ಇಲ್ಲಮ್ಮ,” ಎಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. “ಆನೆ ಅಂತ ಹೇಳಿ, ನೋಡೋಣ.”

ಅಷ್ಟರಲ್ಲಿ ಜೀವಾಳ ಫೋನು ಅವಳ ಜೇಬಿನಲ್ಲಿ ಕೂಗಿತು. ಮಾಡಿದವಳು ತಮಿಳರಸಿ. ಜೀವಾ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಫೋನನ್ನು ಪೆರಿಯಣ್ಣನ ಕೈಗೆ ತುರುಕಿ ಸೂರಿನ ಕಡೆ ಓಡಿದಳು.

“ಅಪ್ಪಾ! ಬದುಕಿದ್ದೀಯಾ?”

“ಯಾಕವ್ವಾ, ಇಡ್ಲಿ ಚೆನ್ನಾಗೇ ಇತ್ತು.”

“ಅಪ್ಪಾ, ನಮ್ ಮನೆ ಬಿದ್ದೋಯ್ತು ಅಂತ ಊರೆಲ್ಲಾ ಅಳ್ತಾ ಅದೆ! ನಿನ್ನೆಯಿಂದ ನಿನ್ ಫೋನ್ ಎತ್ತಲ್ಲ. ನೀನು ಕಳ್ಸಿದ ಫೋಟೋ ನೋಡಿದ್ಯಾ? ನಿರಾಶ್ರಿತರ ಹಂಗೆ ನಿಂತಿದ್ದೀಯಾ! ಎಲ್ರೂ ಮರ ಇಕ್ಕೋಕೆ ಹೊರಟವ್ರೆ. ಮನೋಜ್ ಹೇಳ್ದ, ಅವ್ರಪ್ಪ ಸುದ್ದಿ ಕೇಳಿ ಲಾರಿ ಹತ್ತಿ ಓಗವ್ರಂತೆ. ಎಲ್ಲಿಗೆ ಅಂತ ಹೇಳಿಲ್ಲ.”

ಪೆರಿಯಣ್ಣನ್ ಅಂಗಳವನ್ನು ನೋಡಿದ. ಕದಗಳು, ತೊಲೆಗಳು, ಕಿಟಕಿಗಳು, ಕೆಂಪು ಕಣ್ಣುಗಳು. ದ್ರಾಕ್ಷಿಯ ಬಗ್ಗೆ ಕೇಳಿದ್ದು, ಬೆಟ್ಟ ಎತ್ತರವಾದದ್ದು, ಕರುವಿಗಾಗಿ ಅತ್ತದ್ದು, ಎಲ್ಲ ಒಂದಾದ ಮೇಲೊಂದು ಬಂದು ಅವನ ನೆತ್ತಿಗೆ ಬಡಿದವು. ಬಾಗಿಲಿಲ್ಲದ ಮನೆಯಲ್ಲಿ ನಿಂತೇ ಅವನ ತಲೆ ‘ಡಣ್’ ಎಂದಿತು.

ಭಿಕಾರಿ ಎಂದುಕೊಂಡಿದ್ದಾರೆ! ಜೆಯಕುಮಾರರೂ ಹಾಗೇ ಎಂದುಕೊಂಡಿದ್ದಾರೆ! ಮಗಳ ಸಂಬಂಧದಲ್ಲಿ ಉಳಿದಿದ್ದ ಒಂದೆಳೆಯೂ ಹೋಯಿತು. ಈಗಲೇ ಎಲ್ಲರಿಗೂ ನಿಜ ಹೇಳಿಬಿಡಬೇಕು. ಪೆರಿಯಣ್ಣನ್ ಹತ್ತಿ ಗಿರಣಿಯ ಮೆಟ್ಟಿಲು ಹತ್ತಿ ನಿಂತು ಎರಡು ಕೈಯನ್ನೂ ಎತ್ತಿದ.

ಆಗಲೇ ತರಕಾರಿ ಲಾರಿಯೊಂದು ದ್ರಾಕ್ಷಿ ತೋಟದ ಮಣ್ಣುದಾರಿಯಲ್ಲಿ ಹಾರ್ನ್ ಮಾಡುತ್ತಾ ಬಂದು ನಿಂತಿತು. ಮುಂದಿನಿಂದ ಜೆಯಕುಮಾರರು ಇಳಿದರು, ಇಳಿಯುತ್ತಾ ಇಳಿಯುತ್ತಾ ಬಹಳ ಹೊತ್ತು ಇಳಿದರು. ಅವರ ಸನ್ನೆಗೆ ಆಳುಗಳು ನುಗ್ಗೆಕಾಯಿ ಕಟ್ಟುಗಳ ನಡುವಿನಿಂದ ಒಂದು ದೊಡ್ಡ ವಸ್ತುವನ್ನು ಹಗ್ಗ ಕಟ್ಟಿ ಇಳಿಸಿದರು.

ಹಲಸಿನ ಮರದ ದಪ್ಪ ಕದ. ಅದಕ್ಕಿಂತ ದಪ್ಪ ಚೌಕಟ್ಟು. ಹೊಸ್ತಿಲ ಮೇಲೆ ಅರಿಶಿನ ಇನ್ನೂ ಹಾಗೇ ಇತ್ತು.

ರಂಗಮ್ಮಾಳ್ ಎದ್ದು ನಿಂತಳು.

ಜೆಯಕುಮಾರರಿಗೂ ಪದ್ಧತಿ ಗೊತ್ತು. ಅವರ ಮನೆಮಾತೂ ಕನ್ನಡವೇ, ಅವರೂ ಅದೇ ಬಳಗ. ಅವರು ಬಿದ್ದ ಮನೆಯ ಮಾತೆತ್ತಲಿಲ್ಲ. ಆಕಾಶ ನೋಡಿದರು. “ನುಗ್ಗೆಕಾಯಿ ಈ ಸಲ ಉದ್ದ ಬಂದವೆ,” ಎಂದರು. ಆಮೇಲೆ ಕೆಮ್ಮಿದರು. “ದಾರೀಲಿ ಒಂದು ಮರದ ಅಂಗಡಿ ಮುಂದೆ ಇದು ನಿಂತಿತ್ತು. ನನ್ ಕಣ್ಗೆ ಮೊದ್ಲು ಗೊತ್ತಾಗ್ನಿಲ್ಲ. ತಲೆಗೆ ಗೊತ್ತಾಯ್ತು.” ನೆತ್ತಿ ಸವರಿಕೊಂಡರು. “ಆವತ್ತು ನಾನು ಮಾತಾಡ್ದೆ ಓದೆ, ತಪ್ಪು ತಿಳ್ಕಬೇಡಿ ಸಮ್ಮಂದಿ. ಹತ್ತು ದಿನ ಕಿವೀಲಿ ಗುಯ್ ಅಂತಿತ್ತು. ಯಾರು ಏನಂದ್ರೂ ಕೇಳಿಸ್ತಿರ್ನಿಲ್ಲ. ತಲೆ ಬಗ್ಗಿಸ್ಕೊಂಡು ಓಗೋ ಮನೆಯಿಂದ ಹೆಣ್ಣು ತರಬೇಕು ಅಂತ ನಮ್ಮವ್ವ ಹೇಳ್ತಿದ್ಲು. ಬಗ್ಗಿಸೋದು ನನಗೆ ತಡವಾಯ್ತು, ಅಷ್ಟೇ.”

ಬಳಗವೆಲ್ಲ ಕದದ ಸುತ್ತ ಸೇರಿತು. ಅಳಗಮ್ಮಾಳ್ ಮೆಲ್ಲಗೆ ಅಂದಳು: “ಮರ ಇಕ್ಕಿದ ಕೈ ನೆಂಟನ ಕೈ. ಆಗೋಯ್ತಲ್ಲಪ್ಪ ನಿಶ್ಚಯ!”

ಪೆರಿಯಣ್ಣನ್ ಇನ್ನೂ ಎರಡು ಕೈ ಎತ್ತಿಕೊಂಡೇ ಮೆಟ್ಟಿಲ ಮೇಲೆ ನಿಂತಿದ್ದ. ಬಾಯಲ್ಲಿ ನಿಜ ಸಿದ್ಧವಾಗಿತ್ತು. ಮನೆ ಬಿದ್ದಿಲ್ಲ ಎಂದರೆ ಇಕ್ಕಿದ ಮರಕ್ಕೆ ಅರ್ಥವಿಲ್ಲ; ಅರ್ಥವಿಲ್ಲದ ಮರ ಬಂದ ಲಾರಿಯಲ್ಲೇ ವಾಪಸು; ಮರ ವಾಪಸು ಎಂದರೆ ನೆಂಟಸ್ತನ ವಾಪಸು. ಅಷ್ಟು ದೂರದಿಂದ ಕದ ಹೊತ್ತು ತಂದ ಮನುಷ್ಯನನ್ನು ಬಳಗದ ಮುಂದೆ ಮೂರ್ಖನನ್ನಾಗಿ ನಿಲ್ಲಿಸಿದ ಹಾಗೆ. ಮನೆ ಬಿದ್ದಿದೆ ಎಂದರೆ ಸುಳ್ಳು. ಬೆಳಿಗ್ಗೆ ಅವಸರದಲ್ಲಿ ಹೆದ್ದಾರಿ ಹಿಡಿದು ನೇರ ಇಲ್ಲಿಗೇ ಬಂದವರು ಸಂಜೆ ಉತ್ತಮಪಾಳಯದ ಬೀದಿಗೆ ಇಳಿಯದೆ ಹಿಂದಿರುಗುವುದಿಲ್ಲ, ಮನೆಯ ಮುಕ್ಕಾಲು ಭಾಗ ಕಲ್ಲಿನ ಹಾಗೆ ನಿಂತಿರುವುದನ್ನು ನೋಡೇ ನೋಡುತ್ತಾರೆ.

“ಸಮ್ಮಂದಿ,” ಎಂದ ಅವನು ಬೆವರುತ್ತಾ. “ನಮ್ ಮನೆ... ನಮ್ ಮನೆ ಏನಾಗದೆ ಅಂದ್ರೆ...”

ಬಳಗ ಬೆಚ್ಚಿತು. ಆಡಬಾರದ ಮಾತು! ಅಳಗಮ್ಮಾಳ್ ಕಿವಿ ಮುಚ್ಚಿಕೊಂಡಳು. ಸೂರಿನ ಮೇಲೆ ಲೋಗೇಶನ ಬಾಯಿಂದ ಸುತ್ತಿಗೆ ಜಾರಿತು.

“ಬಿದ್ದೋಯ್ತು,” ಎಂದು ಒಂದು ದನಿ ಬಂತು.

ಎಲ್ಲರೂ ತಿರುಗಿದರು. ರಂಗಮ್ಮಾಳ್ ಕದದ ಹತ್ತಿರ ನಿಂತು, ಹೊಸ್ತಿಲ ಮೇಲಿನ ನುಗ್ಗೆ ಸೊಪ್ಪನ್ನು ಸೆರಗಿನಿಂದ ಒರೆಸುತ್ತಿದ್ದಳು. ಕದ ಗಾಡಿ ಹತ್ತಿದ ದಿನದಿಂದ ಗಂಡನ ಎದುರಿಗೆ ಅವಳ ಬಾಯಿಂದ ಹೊರಬಿದ್ದ ಮೊದಲ ಮಾತು ಅದು.

“ಪೂರಾ ಬಿದ್ದೋಯ್ತು, ಸಮ್ಮಂದಿ,” ಎಂದಳು ರಂಗಮ್ಮಾಳ್. “ಒಂದು ಗೋಡೆ ಉಳೀನಿಲ್ಲ. ನೀವೆಲ್ಲಾ ಉಂಡೇ ಓಗ್ಬೇಕು. ಪಾಯಸ ಮಾಡ್ತೀನಿ. ನಿಧಾನವಾಗಿ ಮಾಡ್ತೀನಿ.” ಹಾಗೆನ್ನುತ್ತಾ ಗಂಡನ ಪಕ್ಕ ಹಾದುಹೋಗುವಾಗ, ತುಟಿ ಅಲ್ಲಾಡಿಸದೆ ಅಂದಳು: “ಓಗಿ ಬೀಳ್ಸು.”

ಪೆರಿಯಣ್ಣನ್ ಜೀವಾಳ ಫೋನು ಹಿಡಿದು ದ್ರಾಕ್ಷಿ ಚಪ್ಪರದೊಳಗೆ ನುಗ್ಗಿ ಮೇಸ್ತ್ರಿಯನ್ನು ಕರೆದ.

“ಮಣಿ, ಮದುವೆ ಊಟ ಆಯ್ತಾ?”

“ಈಗ ಎಲೆ ಹಾಕ್ತಾವ್ರೆ, ಅಣ್ಣಾ.”

“ಎಲೆ ಬಿಟ್ಟು ಏಳು. ಮನೆ ಒಡಿ.”

“ಮುಂದುಗಡೆ ಒಡೆದಾಯ್ತಲ್ಲ, ಅಣ್ಣಾ?”

“ಹಿಂದುಗಡೆ ಒಡಿ. ಪಕ್ಕ ಒಡಿ. ಸಾಮಾನೆಲ್ಲಾ ಗೋಮತಿ ಮನೇಲಿ ಇಕ್ಕು. ಜೇಸಿಬಿ ತಾ. ನಾವು ಪಾಯಸ ಕುಡಿಯೋದ್ರೊಳಗೆ ಪೂರಾ ನೆಲ ಆಗ್ಬೇಕು.”

ಆ ಕಡೆಯಿಂದ ಯಾವ ಮಾತೂ ಬರಲಿಲ್ಲ. ಪಂಕ್ತಿಯಲ್ಲಿ ಯಾರೋ ‘ಸಾಂಬಾರ್, ಸಾಂಬಾರ್’ ಎನ್ನುವುದು ಮಾತ್ರ ಕೇಳಿಸಿತು. ಈ ಒಂದು ಮೌನಕ್ಕೆ ಪೆರಿಯಣ್ಣನ್ ಸರಿಯಾಗಿಯೇ ಅರ್ಥ ಹಚ್ಚಿದ. “ಹುಚ್ಚು ಹಿಡ್ದಿಲ್ಲ, ಮಣಿ. ಸಮ್ಮಂದ ಕುದುರ್ತು.”

ರಂಗಮ್ಮಾಳ ಪಾಯಸದಷ್ಟು ನಿಧಾನವಾಗಿ ಕುದಿದ ಪಾಯಸ ಜಗತ್ತಿನಲ್ಲಿ ಇರಲಾರದು. ಹೆಸರುಬೇಳೆ ಹುರಿಯಲು ಒಂದು ಗಳಿಗೆ, ಬೆಲ್ಲ ಕರಗಲು ಇನ್ನೊಂದು, ಏಲಕ್ಕಿ ತರಲು ಕಂಬಂಗೇ ಆಳು ಹೋದ. ಕಾಳಿಮುತ್ತುವೂ ಕೂತು ಉಂಡ, ‘ಆನೆ’ ಎಂದು ಹೇಳಲು ಜೀವಾಳನ್ನು ಕೊನೆಯವರೆಗೂ ಪುಸಲಾಯಿಸಿದ. ಜೀವಾ ಲೋಗೇಶನನ್ನು ಸೂರಿನಿಂದ ಇಳಿಸಿ, ಅವನು ಬಡಿದ ಒಂದೊಂದು ಮೊಳೆಯನ್ನೂ ಅವನಿಂದಲೇ ಕೀಳಿಸಿದಳು. ಬಿಸಿಲು ತಗ್ಗಿದ ಮೇಲೆ ಬಳಗದ ವಾಹನಗಳೆಲ್ಲ ಸಾಲಾಗಿ ಹೊರಟು ಉತ್ತಮಪಾಳಯ ಮುಟ್ಟಿದಾಗ, ಪೆರಿಯಣ್ಣನ ಮನೆಯಿದ್ದ ಜಾಗದಲ್ಲಿ ಕೆಂಪು ದೂಳು ಇನ್ನೂ ಇಳಿಯುತ್ತಿತ್ತು. ನಡುವೆ ಎರಡು ಸಿಂಹ. ಜೆಯಕುಮಾರರು ಟವೆಲ್ ತೆಗೆದು ಎದೆಗೆ ಹಿಡಿದರು. ಗೋಮತಿ ಮಾತ್ರ ಏನೋ ಹೇಳಲು ಬಾಯಿ ತೆರೆದಳು. ರಂ‍ಗಮ್ಮಾಳ್ ಅವಳ ಕೈಗೆ ಪಾಯಸದ ತೂಕುಪಾತ್ರೆ ಕೊಟ್ಟಳು.

ಹೊಸ ಮನೆಯನ್ನು ಜೀವಾಳೇ ಕಟ್ಟಿಸಿಕೊಟ್ಟಳು. ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಒಂದಕ್ಕೊಂದು ಹೊಂದದ ಕದಗಳು, ಹತ್ತು ಊರಿನ ತೊಲೆ, ಆಂಡಿಪಟ್ಟಿಯ ತಗಡು. ಪದ್ಧತಿಯ ಪ್ರಕಾರ ಎಲ್ಲವೂ ನಿಲ್ಲಲೇಬೇಕು. ಅಳಗಮ್ಮಾಳ ಕಿಟಕಿ ಸ್ನಾನದ ಮನೆಗೆ ಹೋದದ್ದಕ್ಕೆ ಅವಳು ಒಂದು ತಿಂಗಳು ಮುನಿಸಿಕೊಂಡಳು. ಈಗ ಬೀದಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುತ್ತಾರೆ. ಪೆರಿಯಣ್ಣನ್ ಲುಂಗಿ ಉಟ್ಟು, ಸಾವಿನ ಮನೆಯ ಮುಖ ಮಾಡಿಕೊಂಡು ಅವರ ಪಕ್ಕ ನಿಲ್ಲುತ್ತಾನೆ.

ಅತಿಥಿಯಾಗಿ ತಾನು ಕೊಡಬೇಕಾಗಿದ್ದ ಹಳೆಯ ವಸ್ತುವನ್ನೂ ಅವನು ಮರೆಯಲಿಲ್ಲ. ಬೆಟ್ಟದಡಿಯ ಮನೆಗೆ ಮುಂಬಾಗಿಲು ಇನ್ನೂ ಬಂದಿಲ್ಲ. ಆದರೆ ಸೈಕಲ್ ಚೈನುಗಳ ಎರಡು ಪಕ್ಕದಲ್ಲಿ ಎರಡು ಸಿಂಹಗಳು ಕೂತಿವೆ.

ಗೃಹಪ್ರವೇಶದ ದಿನ ಮೊದಲು ಒಳಗೆ ಕಾಲಿಡಬೇಕಾದವರು ಬೀಗರು. ಮುಂದೆ ಹಲಸಿನ ಕದ, ಹೊಸ ಅರಿಶಿನ, ಮಾವಿನ ತೋರಣ. ಬಳಗವೆಲ್ಲ ಒಟ್ಟಿಗೆ “ತಲೆ! ತಲೆ!” ಎಂದು ಕೂಗಿತು. ಜೆಯಕುಮಾರರು ಯಾರು ಕರೆದರೆಂದು ನೋಡಲು ಹಿಂದಕ್ಕೆ ತಿರುಗಿ, ನಗುತ್ತಾ ಮೆಟ್ಟಿಲು ಹತ್ತಿದರು.

‘ಡಣ್.’

ಪಕ್ಕದ ಮನೆಯಲ್ಲಿ ಗೋಮತಿ ಕೈ ಮುಗಿದಳು. ಪೆರಿಯಣ್ಣನ್ ಮೇಸ್ತ್ರಿ ಮಣಿ ಎಲ್ಲಿದ್ದಾನೆಂದು ಸುತ್ತ ನೋಡಿದ. ಜೆಯಕುಮಾರರು ಕಣ್ಣು ಮುಚ್ಚಿ, ಚೌಕಟ್ಟನ್ನು ಹಿಡಿದು ನಿಂತರು. ಆಮೇಲೆ ನೆತ್ತಿ ಸವರಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು.

“ಸರಿ,” ಎಂದರು. “ಇದೇ ಮನೆ.”